ವಾಷಿಂಗ್ ಮೆಷಿನ್ನು, ಆಯಿ ಮತ್ತು ಸಿಂದಗಿಯ ರಬ್ಬರು

ಬಹಳ ದಿನ ಆಯ್ತು ಏನಾದರೂ ಬರೆದು. ವಿಷಯ ಇರಲಿಲ್ಲ ಅಂತಲ್ಲ, ಆಫೀಸು ಬಿಡಲಿಲ್ಲ. ಈಗ ಎರಡು ವಾರ ಊರಲ್ಲಿದ್ದು ಬಂದೆ. ಊರು ಅಂದರೆ ಬಸವನ ಬಾಗೇವಾಡಿ. ಬಸವಣ್ಣ ಹುಟ್ಟಿದ ಊರು ಅಂದರೆ ಎಲ್ಲರಿಗೂ ಗೊತ್ತು, ಆದರೆ "ಎಲ್ಲಿ ಬರುತ್ತೆ?" ಅಂತ ಕೇಳಿದವರಿಗೆ ಮಾತ್ರ ಈಗಲೂ "ಬಿಜಾಪುರದ ಹತ್ತಿರ" ಅಂತಲೇ ಹೇಳೋದು. ೨೦೧೪ರಲ್ಲಿ ವಿಜಯಪುರ ಆಯ್ತು, ನಾಲಿಗೆ ಇನ್ನೂ ತಿರುಗಿಲ್ಲ. ಹೋಗಿದ್ದು ರಜೆಗಲ್ಲ, ಮನೆಯಿಂದಲೇ ಕೆಲಸ. ಆ ಎರಡು ವಾರದಲ್ಲಿ ಬರೆದ ಕೋಡಿಗಿಂತ ಬಿಚ್ಚಿದ ಸ್ಕ್ರೂಗಳೇ ಜಾಸ್ತಿ. ಅದರ ಕತೆ ಹೇಳ್ತೀನಿ, ಸ್ವಲ್ಪ ಉದ್ದ ಆಗಬಹುದು, ಸಹಿಸಿಕೊಳ್ಳಿ :-)

ನಮ್ಮನೇಲಿ ಆಯಿ ಇದ್ದಾಳೆ. ನಮ್ಮ ಕಡೆ ಅಜ್ಜಿಗೆ ಆಯಿ ಅಂತೀವಿ. ಹೋದ ವರ್ಷ ಹಿತ್ತಲಲ್ಲಿ ಜಾರಿ ಬಿದ್ದು ಸೊಂಟದ ಎಲುಬು ಮುರೀತು. ಆಪರೇಷನ್ ಆಯ್ತು, ಆದರೆ ಅಲ್ಲಿಂದ ಮಂಚ ಹಿಡಿದವಳು ಎದ್ದಿಲ್ಲ. ಇಂಥವರನ್ನ ಮನೇಲಿ ನೋಡಿಕೊಂಡವರಿಗೆ ಗೊತ್ತಿರುತ್ತೆ, ಔಷಧಿ ಊಟ ಎಲ್ಲ ಸರಿ, ದಿನದ ದೊಡ್ಡ ಕೆಲಸ ಅಂದರೆ ಬಟ್ಟೆ. ದಿನಕ್ಕೆ ಎರಡು ಮೂರು ಚಾದರ, ಸೀರೆ, ಕೆಲವು ದಿನ ಕೌದಿ. ಹಳೇ ಸೀರೆಗಳನ್ನ ಪದರ ಪದರ ಹಾಕಿ ಹೊಲಿದ ಕೌದಿ ನೀರು ಕುಡಿದರೆ ಎಷ್ಟು ಭಾರ ಆಗುತ್ತೆ ಅಂತ ಎತ್ತಿ ನೋಡಿದವರಿಗೇ ಗೊತ್ತು. ಅವ್ವನಿಗೆ ಐವತ್ತೆಂಟು, ಎರಡೂ ಮಣಿಕಟ್ಟು ನೋವು.

ಹೀಗಾಗಿ ನಾಲ್ಕು ವರ್ಷದ ಹಿಂದೆ ನನ್ನ ಬೋನಸ್ಸಿನಲ್ಲಿ ತಂದ ಏಳು ಕಿಲೋದ ಫ್ರಂಟ್ ಲೋಡ್ ಮೆಷಿನ್ನು ಈಗ ಮನೆಯ ಇನ್ನೊಬ್ಬ ಸದಸ್ಯ. ತಂದಾಗ ಅದಕ್ಕೆ ವಿರೋಧ ಇದ್ದದ್ದು ಆಯಿಯದೇ. "ಬಡದ್ರ ಅರಿವಿ ಹಸನ ಆಗ್ತಾವು, ತಿರುಗಿಸಿದ್ರ ಏನಾಗ್ತಾವು?" ಅಂತ ಅವಳ ವಾದ. ಹಳ್ಳದ ಬಂಡೆಗೆ ಬಡಿದು ಒಗೆದ ಜೀವ ಅದು.

ನಾನು ಊರಿಗೆ ಹೋದ ದಿನ ನೋಡಿದರೆ ಅವ್ವ ಹಿತ್ತಲ ಕಲ್ಲಿನ ಮೇಲೆ ಕುಂತು ಚಾದರ ತಿಕ್ತಾ ಇದ್ದಾಳೆ. ಎಂಟು ದಿನದಿಂದ ಮೆಷಿನ್ನು ಸೋರ್ತಾ ಇದೆಯಂತೆ. ಫೋನಿನಲ್ಲಿ ದಿನಾ ಮಾತಾಡಿದರೂ ಒಂದು ಮಾತು ಹೇಳಿಲ್ಲ.

"ಯಾಕವ್ವ ಹೇಳಲಿಲ್ಲ?"

"ನಿನಗ ಹೇಳಿ ಏನ್ ಮಾಡೂದಪಾ, ನೀ ಅಲ್ಲೆ ಕೆಲಸದಾಗ ಇರ್ತಿ. ಕಂಪನಿಯವ್ರು ಬಂದು ನೋಡಿ ಹೋಗ್ಯಾರ."

ಬಂದು ನೋಡಿ ಹೋಗಿದ್ದೇನೋ ನಿಜ. ಜಿಲ್ಲಾ ಕೇಂದ್ರದಿಂದ ಸರ್ವಿಸ್ ಹುಡುಗ ಬರೋಕೆ ಆರು ದಿನ ಆಯ್ತಂತೆ. ಬಂದವನು ಮೆಷಿನ್ನನ್ನ ಸ್ವಲ್ಪ ವಾಲಿಸಿ, ಮೊಬೈಲ್ ಟಾರ್ಚು ಹಾಕಿ ನೋಡಿ, "ಡ್ರಮ್ಮು ಬೇರಿಂಗು ಎರಡೂ ಹೋಗ್ಯಾವ್ರಿ, ₹೯,೫೦೦ ಆಕ್ಕೈತಿ, ಅದರ ಬದಲಿ ಎಕ್ಸ್‌ಚೇಂಜ್ ಮಾಡ್ರಿ" ಅಂದು ವಿಸಿಟಿಂಗ್ ಚಾರ್ಜ್ ತಗೊಂಡು ಹೋದ. ಅಪ್ಪಾಜಿ ನಿವೃತ್ತ ಪ್ರಾಥಮಿಕ ಶಾಲೆ ಮಾಸ್ತರರು, ಪೆನ್ಷನ್ನಿನ ಲೆಕ್ಕ ಹಾಕಿ "ಗುಜರಿಗೆ ಹಾಕೂಣು" ಅಂತ ತೀರ್ಮಾನಕ್ಕೆ ಬಂದಿದ್ದರು.

ನನಗೆ ಆ ತೀರ್ಪು ಸರಿ ಅನಿಸಲಿಲ್ಲ. ಬೇರಿಂಗ್ ಹೋದ ಮೆಷಿನ್ನು ಹಿಂಡುವಾಗ ವಿಮಾನ ಏರಿದ ಹಾಗೆ ಕಿರುಚುತ್ತೆ, ನಮ್ಮದು ಹಾಗೆ ಕಿರುಚಲ್ಲ ಅಂತ ಅವ್ವನೇ ಹೇಳಿದಳು. ಬಾಗಿಲು ತೆಗೆದು ಒಳಗಿನ ಡ್ರಮ್ಮಿನ ಮೇಲಂಚು ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿದೆ. ಬೇರಿಂಗ್ ಸವೆದಿದ್ದರೆ ಡ್ರಮ್ಮು ಹೊರಗಿನ ಟಬ್ಬನ್ನ ಬಿಟ್ಟು ತಾನೊಂದೇ ಲೊಡಲೊಡ ಅನ್ನಬೇಕು. ಇಲ್ಲಿ ಎರಡೂ ಒಟ್ಟಿಗೇ ಸ್ಪ್ರಿಂಗಿನ ಮೇಲೆ ತೂಗಿದವು. ಕೈಯಿಂದ ತಿರುಗಿಸಿದರೆ ಗರಗರ ಇಲ್ಲ. ಹಿಂದಿನ ತಗಡು ತೆಗೆದು ನೋಡಿದರೆ ಪುಲ್ಲಿಯ ಸುತ್ತ ತುಕ್ಕಿನ ಕಂದು ಗೆರೆಗಳೂ ಇಲ್ಲ. ಶಾಫ್ಟಿನ ಸೀಲು ಸೋರಿದರೆ ಆ ಗೆರೆ ಇದ್ದೇ ಇರುತ್ತೆ. ಹಾಗಾದರೆ ನೀರು ಎಲ್ಲಿಂದ?

ಆಫೀಸಿನಲ್ಲಿ ನಾವು ಮಾಡೋದು ಇದೇ ಅಲ್ವಾ. ಮೊದಲು ಬಗ್ಗನ್ನ ಮತ್ತೆ ಮತ್ತೆ ಬರುವ ಹಾಗೆ ಮಾಡಬೇಕು, ಆಮೇಲೆ ಯಾವ ಹಂತದಲ್ಲಿ ಬರುತ್ತೆ ಅಂತ ನೋಡಬೇಕು. ಮೆಷಿನ್ನಿನ ಕೆಲಸದಲ್ಲಿ ನಾಲ್ಕು ಹಂತ: ನೀರು ತುಂಬೋದು, ತಿರುಗಿಸೋದು, ನೀರು ಹೊರಗೆ ಹಾಕೋದು, ಹಿಂಡೋದು. ತುಂಬುವಾಗಲೇ ಸೋರಿದರೆ ನಳದ ಪೈಪು, ವಾಲ್ವು ಅಥವಾ ಪುಡಿ ಹಾಕುವ ಡಬ್ಬಿ. ತಿರುಗುವಾಗ ಮುಂದೆ ಸೋರಿದರೆ ಬಾಗಿಲ ರಬ್ಬರು. ನೀರು ಹೊರಗೆ ಹಾಕುವಾಗ ಮಾತ್ರ ಸೋರಿದರೆ ಪಂಪು ಅಥವಾ ಅದರಿಂದ ಹೊರಟ ಪೈಪು. ಹಿಂಡುವಾಗ ಹಿಂದಿನಿಂದ ಬಂದರೆ ಮಾತ್ರ ಆ ಹುಡುಗ ಹೇಳಿದ ಸೀಲು, ಬೇರಿಂಗು.

ಮನೆಯಲ್ಲಿ ಹಳೇ ಪೇಪರಿಗೆ ಬರ ಇಲ್ಲ. ಮೆಷಿನ್ನಿನ ಕೆಳಗೆ ಮುಂದೆ, ಹಿಂದೆ, ನಡುವೆ, ಎರಡೂ ಬದಿಗೆ ಪೇಪರ್ ಹಾಸಿ, ಬಟ್ಟೆ ಇಲ್ಲದೆ ಓಡಿಸಿದೆ. ಪ್ರತಿ ಹಂತ ಮುಗಿದ ಮೇಲೆ ನಿಲ್ಲಿಸಿ, ಪೇಪರ್ ಬದಲಾಯಿಸಿ, ಮೇಲೆ ಪೆನ್ನಿನಲ್ಲಿ ಬರೆದಿಟ್ಟೆ. ಅಪ್ಪಾಜಿ ಕುರ್ಚಿ ಹಾಕಿಕೊಂಡು ನೋಡ್ತಾ ಇದ್ದರು, ಹಳೇ ಉತ್ತರ ಪತ್ರಿಕೆ ನೋಡಿದ ಹಾಗೆ. ತುಂಬುವಾಗ ಎಲ್ಲ ಪೇಪರ್ ಒಣ. ತಿರುಗುವಾಗ ಐದಾರು ನಿಮಿಷಕ್ಕೆ ಮುಂದಿನ ಪೇಪರ್ ಒದ್ದೆ. ನೀರು ಹೊರಗೆ ಹಾಕುವಾಗ ಎಡಬದಿಯ ಹಿಂದಿನ ಪೇಪರ್ ತೊಪ್ಪೆ. ಅಂದರೆ ಒಂದಲ್ಲ, ಎರಡು ಸೋರಿಕೆ. ಒಂದನ್ನು ಸರಿ ಮಾಡಿದರೂ ನೆಲದ ಮೇಲೆ ನೀರು ಇದ್ದೇ ಇರುತ್ತೆ, ಹಾಗಾಗಿಯೇ "ಡ್ರಮ್ಮೇ ಹೋಗೈತಿ" ಅನ್ನೋದು ಸುಲಭದ ಉತ್ತರ.

ಬಿಚ್ಚೋಕೆ ಮುಂಚೆ ಒಂದು ಮಾತು, ಯಾರಾದರೂ ಮನೇಲಿ ಮಾಡುವವರಿದ್ದರೆ. ಪ್ಲಗ್ ಕೀಳಿ. ಸ್ವಿಚ್ ಆಫ್ ಮಾಡಿದರೆ ಸಾಲದು, ಕಿತ್ತು ಕಣ್ಣಿಗೆ ಕಾಣುವ ಹಾಗೆ ಮೇಲೆ ಇಡಿ. ನಳ ಬಂದ್ ಮಾಡಿ. ಕೆಳಗಿನ ಸಣ್ಣ ಮುಚ್ಚಳ ತೆಗೆದು ಫಿಲ್ಟರ್ ಬಿಚ್ಚಿ ಒಳಗುಳಿದ ನೀರನ್ನ ಪರಾತಕ್ಕೆ ಬಸಿಯಿರಿ, ಎರಡು ಮೂರು ಲೀಟರ್ ಬರುತ್ತೆ. ನಮ್ಮದರಲ್ಲಿ ಅದರ ಜೊತೆ ಎರಡು ರೂಪಾಯಿ ನಾಣ್ಯ, ಒಂದು ಗುಂಡಿ, ಹೇರ್‌ಪಿನ್ನು ಬಂದವು. ಆಮೇಲೆ ಪ್ರತಿ ಸ್ಕ್ರೂ ಬಿಚ್ಚುವ ಮೊದಲು ಮೊಬೈಲಿನಲ್ಲಿ ಒಂದು ಫೋಟೋ. ನಮ್ಮ ಭಾಷೆಯಲ್ಲಿ ಅದೇ ಕಮಿಟ್ ;-)

ಹಿಂದಿನ ಸೋರಿಕೆ ಮೊದಲು ಸಿಕ್ತು. ಪಂಪಿನಿಂದ ಮೇಲೆ ಹೋಗುವ ಸುಕ್ಕು ಸುಕ್ಕಿನ ಪೈಪಿನಲ್ಲಿ ಹುಣಸೆ ಬೀಜದಷ್ಟು ತೂತು, ಅಂಚಿನಲ್ಲಿ ಸಣ್ಣ ಸಣ್ಣ ಹಲ್ಲಿನ ಗುರುತು. ಇಲಿ! ಮೆಷಿನ್ನಿನ ತಳ ತೆರೆದೇ ಇರುತ್ತೆ, ಒಳಗೆ ಬೆಚ್ಚಗೆ, ಕತ್ತಲು. ಇಲಿಗೆ ಇನ್ನೇನು ಬೇಕು? ವೈರು ಕಡಿಯದೆ ಬಿಟ್ಟಿದ್ದೇ ನಮ್ಮ ಪುಣ್ಯ.

ಮುಂದಿನ ಸೋರಿಕೆ ಬಾಗಿಲ ರಬ್ಬರಿನದು. ಕೆಳಗಿನ ಮಡಿಕೆ ಬಿಡಿಸಿ ನೋಡಿದರೆ ಒಂದು ಇಂಚಿನ ಸೀಳು. ಆಯಿಯ ಚಾದರಕ್ಕೆ ಹಾಕಿದ್ದ ಸೇಫ್ಟಿ ಪಿನ್ನು ಯಾವತ್ತೋ ಸಿಕ್ಕಿಕೊಂಡು ಎಳೆದಿರಬೇಕು. ಆ ಮಡಿಕೆಯೊಳಗೆ ಬೆರಳಿಗೆ ಹತ್ತಿದ್ದು ಬಿಳೀ ಗಟ್ಟಿ ಪದರ, ಸುಣ್ಣದ ಹಾಗೆ. ಹಾಗೆ ಅಲ್ಲ, ಸುಣ್ಣದ ಕಲ್ಲೇ ಅದು.

ಇದು ನಮ್ಮ ಜಿಲ್ಲೆಯ ಕತೆ. ಆಲಮಟ್ಟಿ ಅಣೆಕಟ್ಟು ನಮ್ಮ ಮನೆಯಿಂದ ಮುಕ್ಕಾಲು ತಾಸಿನ ದಾರಿ. ಮೊನ್ನೆ ಮೊನ್ನೆಯವರೆಗೂ ನಮ್ಮದೇ ತಾಲೂಕು, ಈಗ ನಿಡಗುಂದಿ ತಾಲೂಕು ಆಗಿದೆ. ೨೦೦೬ರಲ್ಲಿ ಕಲಾಂ ಬಂದು ಅಣೆಕಟ್ಟನ್ನ ದೇಶಕ್ಕೆ ಅರ್ಪಿಸಿದರು. ತುಂಬಿದರೆ ೧೨೩ ಟಿಎಂಸಿ. ಆದರೆ ನಮ್ಮ ಓಣಿಗೆ ಹೊಳೆ ನೀರು ಬರೋದು ಬಂದಾಗ. ಉಳಿದಂತೆ ಬೋರಿನ ನೀರೇ ಗತಿ. ಒಮ್ಮೆ ಪರೀಕ್ಷೆಗೆ ಕೊಟ್ಟಾಗ ಗಡಸುತನ ಲೀಟರಿಗೆ ೭೮೦ ಮಿಲಿಗ್ರಾಂ ಬಂದಿತ್ತು. ಕುಡಿಯುವ ನೀರಿನ ಭಾರತೀಯ ಮಾನಕ, ಐಎಸ್ ೧೦೫೦೦, ಹೇಳೋದು ೨೦೦ ಇರಬೇಕು, ಬೇರೆ ಗತಿಯೇ ಇಲ್ಲದಿದ್ದರೆ ೬೦೦ರವರೆಗೆ ನಡೆಯುತ್ತೆ ಅಂತ. ಡೋಣಿ ಹೊಳೆಯ ಸಾಲಿನಲ್ಲಿ ಇರುವವರಂತೂ ಉಪ್ಪು ನೀರಿನ ಬಗ್ಗೆ ಇಡೀ ಪುರಾಣವನ್ನೇ ಹೇಳ್ತಾರೆ.

ಇಂಥ ನೀರಿನಲ್ಲಿ ಕರಗಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಸಾಬೂನನ್ನ ಹಿಡಿದು ಜಿಗುಟು ಗಸಿ ಮಾಡುತ್ತವೆ, ಹಾಗಾಗಿ ನೊರೆ ಬರಲ್ಲ. ನೊರೆ ಬರಲಿಲ್ಲ ಅಂತ ಇನ್ನೊಂದು ಚಮಚ ಪುಡಿ ಹಾಕ್ತಾರೆ. ಕಾಯಿಸಿದಾಗ ನೀರಿನಲ್ಲಿ ಕರಗಿದ್ದ ಬೈಕಾರ್ಬೊನೇಟು ಕಾರ್ಬೊನೇಟಾಗಿ ಹೀಟರಿಗೆ, ಟಬ್ಬಿಗೆ ಅಂಟುತ್ತೆ. ಆಯಿಯ ಬಟ್ಟೆಯನ್ನ ಅವ್ವ ಅರವತ್ತು ಡಿಗ್ರಿಯಲ್ಲೇ ಒಗೆಯೋದು, ಒಗೆಯಲೇಬೇಕು. ಆ ಸುಣ್ಣದ ಅಂಚು ಉಪ್ಪಿನಕಾಗದದ ಹಾಗೆ ರಬ್ಬರನ್ನ ಉಜ್ಜುತ್ತೆ. ಪಿನ್ನು ಬರೀ ನೆಪ ಅಂತ ನನ್ನ ಅನಿಸಿಕೆ.

ಹೊಸ ರಬ್ಬರಿಗೆ ಡೀಲರ್ ಹತ್ತಿರ ಕೇಳಿದರೆ "ಆರ್ಡರ್ ಹಾಕಬೇಕ್ರಿ, ಹದಿನೈದು ದಿನ". ಹದಿನೈದು ದಿನ ಗುಣಿಸು ಮೂರು ಚಾದರ.. ಅವ್ವನ ಕೈ ನೋಡಿದೆ. ಅವತ್ತಿನ ಮಟ್ಟಿಗೆ ಬಸ್ ಸ್ಟ್ಯಾಂಡ್ ಹತ್ತಿರದ ಪಂಕ್ಚರ್ ಅಂಗಡಿಯಿಂದ ಸೈಕಲ್ ಟ್ಯೂಬಿನ ಪ್ಯಾಚು, ಸೊಲ್ಯೂಷನ್ನು ತಂದು, ಸೀಳನ್ನ ಉಜ್ಜಿ, ಒರೆಸಿ, ಒಳಗಿನಿಂದ ಅಂಟಿಸಿದೆ. ಇಲಿ ಕಡಿದ ಪೈಪಿಗೆ ಟೇಪು ಸುತ್ತಿದೆ. ಆ ರಾತ್ರಿ ಎರಡು ಚಾದರ ಒಗೆದು ಬಂದವು. ಇದು ಬಹಳ ದಿನ ತಡೆಯಲ್ಲ ಅಂತ ಗೊತ್ತಿತ್ತು, ಎರಡು ದಿನ ತಡೆದರೂ ಸಾಕಿತ್ತು.

ಮುದ್ದೇಬಿಹಾಳದಲ್ಲಿ ನಮ್ಮ ಸ್ವಾದರಮಾವ ಇದ್ದಾರೆ, ಪಂಪು ಪೈಪಿನ ಅಂಗಡಿ. ಫೋನ್ ಮಾಡಿದ್ದೇ ತಡ, ಮಾಮಾ "ಅಳತಿ ಹೇಳಲೇ" ಅಂದರು. ಮಾರನೇ ದಿನ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಡ್ರೈನ್ ಪೈಪು, ನಾಲ್ಕು ಸ್ಟೀಲ್ ಕ್ಲಿಪ್ಪು, ಜೊತೆಗೆ ಅವ್ವನಿಗೆ ಅಂತ ಒಂದು ಚೀಲ ಶೇಂಗಾ ಬಂತು. ಕೊರಿಯರ್ ಕಂಪನಿಗಳು ಇನ್ನೂ ನಮ್ಮ ಬಸ್ಸುಗಳಿಂದ ಕಲಿಯೋದು ಬಹಳ ಇದೆ.

ರಬ್ಬರಿನ ದಾರಿ ತೋರಿಸಿದ್ದೂ ಮಾಮಾನೇ. ಸಿಂದಗಿಯಲ್ಲಿ ಒಬ್ಬ ಮಿಸ್ತ್ರಿ, ಮೋಟಾರ್ ರಿವೈಂಡಿಂಗ್ ಅಂಗಡಿ, ಹಳೇ ಮೆಷಿನ್ನುಗಳನ್ನ ಕೊಂಡು ಬಿಡಿಭಾಗ ಮಾರ್ತಾನೆ ಅಂದರು. ಶನಿವಾರ ಗೆಳೆಯನ ಬೈಕು ತಗೊಂಡು ದೇವರ ಹಿಪ್ಪರಗಿ ಮೇಲೆ ಹಾಯ್ದು ಹೋದೆ. ಹಿಪ್ಪರಗಿ ಅಂದರೆ ಮಡಿವಾಳ ಮಾಚಿದೇವರ ಊರು. ಕಲ್ಯಾಣದಲ್ಲಿ ಶರಣರ ಬಟ್ಟೆ ಒಗೆದವರು. ಹನ್ನೆರಡನೇ ಶತಮಾನದಲ್ಲಿ ಒಗೆಯುವವನನ್ನ ಗುರುವಿನ ಸಾಲಿನಲ್ಲಿ ಕೂರಿಸಿದ ನೆಲ ಇದು. ಅದೇ ನೆಲದಲ್ಲಿ ನಮ್ಮ ಅವ್ವಂದಿರು ಒಗೆದದ್ದನ್ನ ಮಾತ್ರ ಯಾರೂ ಕೆಲಸ ಅಂತ ಲೆಕ್ಕ ಹಿಡಿದಿಲ್ಲ. ಬೈಕ್ ಮೇಲೆ ಇಂಥವೆಲ್ಲ ತಲೆಗೆ ಬರ್ತಾವೆ, ಬಿಡಿ.

ಸಿಂದಗಿಯ ಮಿಸ್ತ್ರಿಗೆ ಅರವತ್ತರ ಮೇಲಾಗಿದೆ. ಅಂಗಡಿ ತುಂಬ ತಾಮ್ರದ ತಂತಿ, ವಾರ್ನಿಶ್ ವಾಸನೆ. ಹಿಂದಿನ ತಗಡಿನ ಶೆಡ್ಡಿನಲ್ಲಿ ಹತ್ತು ಹನ್ನೆರಡು ಮೆಷಿನ್ನುಗಳ ಅಸ್ಥಿಪಂಜರ. ಮೊಬೈಲಿನಲ್ಲಿದ್ದ ಮಾಡೆಲ್ ನಂಬರ್ ನೋಡಿ, ಮೂಲೆಯಲ್ಲಿದ್ದ ಒಂದನ್ನ ತೋರಿಸಿದ.

"ಇಂಡಿಯಿಂದ ಬಂದದ್ದು ನೋಡ್ರಿ ಇದು. ಲಿಂಬಿ ವ್ಯಾಪಾರಿ ಮನಿದು. ಬೋರ್ಡ್ ಸುಟ್ಟದ. ರಬ್ಬರ್ ಮಾತ್ರ ಹೊಸದು ಇದ್ದಂಗ ಅದ."

"ಇಂಡಿ ನೀರೇನ್ ಚಲೋ ಅದಾವೇನ್ರಿ ಕಾಕಾ?"

"ನೀರ್ ಎಲ್ಲಾ ಒಂದ ತಮ್ಮಾ. ಅವ್ರ ಮನ್ಯಾಗ ಲಿಂಬಿಕಾಯಿ ಅದಾವ." ಅಂತ ನಕ್ಕ. ತಿಂಗಳಿಗೊಮ್ಮೆ ಲಿಂಬಿ ಉಪ್ಪು ಹಾಕಿ ಖಾಲಿ ಮೆಷಿನ್ನು ಓಡಿಸುತ್ತಿದ್ದರಂತೆ ಆ ಮನೆಯವರು. ಇಂಡಿ ಲಿಂಬಿಗೆ ೨೦೨೩ರಲ್ಲಿ ಭೌಗೋಳಿಕ ಗುರುತಿನ ಜಿಐ ಟ್ಯಾಗ್ ಸಿಕ್ಕಿದೆ. ಸಿಂದಗಿಯ ಮಿಸ್ತ್ರಿಯ ಪ್ರಮಾಣಪತ್ರ ಅದಕ್ಕೂ ಹೆಚ್ಚಿನದು ಅನಿಸ್ತು ನನಗೆ :-) ಸಿಟ್ರಿಕ್ ಆಮ್ಲ ಸುಣ್ಣದ ಪದರವನ್ನ ಬುರುಗು ಬರಿಸಿ ಕರಗಿಸುತ್ತೆ, ಲಿಂಬಿ ಉಪ್ಪು ಅಂದರೆ ಅದೇ. ವಿನೆಗರ್ ಹಾಕುವವರೂ ಇದ್ದಾರೆ, ಪದೇ ಪದೇ ಹಾಕಿದರೆ ರಬ್ಬರಿಗೆ ಒಳ್ಳೇದಲ್ಲ ಅಂತ ಮಿಸ್ತ್ರಿ.

ಅವನ ಇನ್ನೊಂದು ವಿದ್ಯೆ ಕೇಳಿ. ಮೆಷಿನ್ನಿನ ಟಬ್ಬು ಬಿಚ್ಚಿ ಒಳಗಿನ ಪದರ ನೋಡಿದರೆ ಅದು ಹೊಳೆ ನೀರು ಕುಡಿದದ್ದೋ, ಬೋರಿನದೋ ಹೇಳ್ತಾನಂತೆ. ಮುದ್ದೇಬಿಹಾಳದಿಂದ ಬಂದ ಒಂದು ಟಬ್ಬು ತೋರಿಸಿದ, ತೊಳೆದ ತಾಟಿನ ಹಾಗೆ ಇತ್ತು. ಪಕ್ಕದಲ್ಲೇ ಸಿಂದಗಿಯದೇ ಇನ್ನೊಂದು, ಒಳಗೆಲ್ಲ ಸುಣ್ಣ ಬಳಿದ ಗೋಡೆ. ಎಷ್ಟು ನಿಜವೋ, ಆದರೆ ಆ ಎರಡನ್ನ ಅಕ್ಕಪಕ್ಕ ನೋಡಿದವರಿಗೆ ಬೇರೆ ಪಾಠ ಬೇಕಿಲ್ಲ. ರಬ್ಬರಿಗೆ ₹೬೦೦ ತಗೊಂಡ, ಅದರ ಎರಡು ತಂತಿ ಬಳೆಗಳನ್ನ ಹಾಗೇ ಕೊಟ್ಟ, ಚಹಾ ಕುಡಿಸಿ ಕಳಿಸಿದ.

ಭಾನುವಾರ ಬೆಳಿಗ್ಗೆ ಶುರು. ಮೇಲಿನ ಹಲಗೆ, ಹಿಂದೆ ಎರಡು ಸ್ಕ್ರೂ. ಪುಡಿ ಡಬ್ಬಿ ಹೊರಗೆ. ಬಟನ್ನಿನ ಪ್ಯಾನೆಲ್ಲನ್ನ ವೈರಿನ ಸಮೇತ ಮೇಲೆ ಮಲಗಿಸಿದೆ. ಬಾಗಿಲ ರಬ್ಬರಿನ ಹೊರ ತುಟಿಗೆ ಒಂದು ತಂತಿ ಬಳೆ, ಅದರಲ್ಲಿ ಒಂದು ಸಣ್ಣ ಸ್ಪ್ರಿಂಗು. ಸ್ಕ್ರೂಡ್ರೈವರಿನಿಂದ ಸ್ಪ್ರಿಂಗು ಎತ್ತಿದರೆ ಬಳೆ ಬರುತ್ತೆ. ರಬ್ಬರಿನ ತುಟಿಯನ್ನ ಡ್ರಮ್ಮಿನೊಳಗೆ ಮಡಿಚಿ, ಬಾಗಿಲ ಲಾಕಿನ ಎರಡು ಸ್ಕ್ರೂ, ಕೆಳಗಿನ ಪಟ್ಟಿ, ಆಮೇಲೆ ಇಡೀ ಮುಂಭಾಗದ ತಗಡು.

ತಗಡು ಕಳಚಿದಾಗ ಅಪ್ಪಾಜಿ ಕುರ್ಚಿಯಿಂದ ಎದ್ದೇ ಬಂದರು. ಟಬ್ಬಿನ ಮುಂದೆ ಬೋಲ್ಟು ಹಾಕಿ ಕೂರಿಸಿದ ದೊಡ್ಡ ಕಾಂಕ್ರೀಟ್ ತುಂಡು!

"ಇದೇನೋ, ಮೆಷಿನ್ನಿನ್ಯಾಗ ಕಲ್ಲು ಇಟ್ಟ ರೊಕ್ಕಾ ತಗೊಂಡಾರಲ್ಲೋ?"

ಅದು ಮೋಸ ಅಲ್ಲ ಅಂತ ವಿವರಿಸಿದೆ. ಹಿಂಡುವಾಗ ಡ್ರಮ್ಮು ನಿಮಿಷಕ್ಕೆ ಸಾವಿರ ಸುತ್ತು ತಿರುಗುತ್ತೆ, ಒದ್ದೆ ಬಟ್ಟೆ ಒಂದೇ ಕಡೆ ಸೇರಿದರೆ ಇಡೀ ಮೆಷಿನ್ನು ಮನೆ ತುಂಬ ಓಡಾಡುತ್ತೆ. ತೂಕ ಇಟ್ಟು, ಸ್ಪ್ರಿಂಗಿನಲ್ಲಿ ತೂಗುಹಾಕಿ ಅದನ್ನ ಹಿಡಿಯೋದು. ೧೯೩೭ರಲ್ಲಿ ಅಮೆರಿಕದಲ್ಲಿ ಬೆಂಡಿಕ್ಸ್ ಕಂಪನಿಯ ಮೊದಲ ಆಟೊಮ್ಯಾಟಿಕ್ ಬಂದಾಗ ಈ ತೂಗುಹಾಕುವ ಉಪಾಯ ಇರಲಿಲ್ಲ, ನೆಲಕ್ಕೆ ಬೋಲ್ಟು ಹಾಕಿ ಕಟ್ಟಬೇಕಿತ್ತು. ಅದೂ ನಮ್ಮದರ ಹಾಗೇ ಮುಂದೆ ಬಾಗಿಲಿನದು. ಅಪ್ಪಾಜಿಗೆ ಇದು ಬಹಳ ಹಿಡಿಸ್ತು. ಆಮೇಲೆ ಮನೆಗೆ ಬಂದವರಿಗೆಲ್ಲ "ಒಳಗ ಕಲ್ಲು ಇರ್ತೈತಿ, ಗೊತ್ತೇನು?" ಅಂತ ಕೇಳ್ತಿದ್ದಾರೆ.

ಒಳಗಿನ ಬಳೆ ಬಿಚ್ಚಿ ಹಳೇ ರಬ್ಬರು ತೆಗೆದೆ. ಟಬ್ಬಿನ ತುಟಿಯ ಮೇಲೆ ಸುಣ್ಣ ಗಟ್ಟಿಯಾಗಿತ್ತು. ಅದರ ಮೇಲೆ ಹೊಸದನ್ನ ಕೂರಿಸಿದರೆ ಮತ್ತೆ ಸೋರುತ್ತೆ. ಲಿಂಬಿ ಉಪ್ಪಿನ ನೀರಿನಲ್ಲಿ ಅದ್ದಿದ ಬಟ್ಟೆ ಇಟ್ಟು ಅರ್ಧ ತಾಸು ಬಿಟ್ಟು, ಹಳೇ ಹಲ್ಲುಜ್ಜುವ ಬ್ರಶ್ಶಿನಿಂದ ತಿಕ್ಕಿದೆ. ಈ ಕೆಲಸದಲ್ಲಿ ಅವಸರ ಮಾಡಬಾರದು. ಬೆರಳಿಗೆ ನುಣ್ಣಗೆ ಹತ್ತುವವರೆಗೂ ತಿಕ್ಕಬೇಕು.

ರಬ್ಬರಿನಲ್ಲಿ ಮೇಲೆ ಒಂದು ತ್ರಿಕೋನದ ಗುರುತು ಇರುತ್ತೆ, ಅದು ಟಬ್ಬಿನ ಗುರುತಿಗೆ ಎದುರು ಬರಬೇಕು. ಕೆಳಗಿನ ಸಣ್ಣ ತೂತುಗಳು ಸರಿಯಾಗಿ ಕೆಳಗೇ ಇರಬೇಕು, ಇಲ್ಲದಿದ್ದರೆ ಮಡಿಕೆಯಲ್ಲಿ ನೀರು ನಿಂತು ನಾರುತ್ತೆ. ಪಾತ್ರೆ ತೊಳೆಯುವ ಸಾಬೂನಿನ ನೀರು ಸವರಿದರೆ ಜಾರಿ ಕೂರುತ್ತೆ. ಕಷ್ಟ ಇರೋದು ಬಳೆಯಲ್ಲಿ. ಒಂದು ಕಡೆ ಕೂರಿಸಿದರೆ ಇನ್ನೊಂದು ಕಡೆ ಹಾರುತ್ತೆ. ಅಪ್ಪಾಜಿ ಎರಡೂ ಹೆಬ್ಬೆರಳಿನಿಂದ ಮೇಲೆ ಒತ್ತಿ ಹಿಡಿದರು, ನಾನು ಎರಡೂ ಬದಿಯಿಂದ ಕೆಳಗೆ ತಂದು ಪಕ್ಕಡದಿಂದ ಸ್ಪ್ರಿಂಗು ಎಳೆದೆ. ಮುಕ್ಕಾಲು ತಾಸು ಹಿಡೀತು. ಕಡೆಗೆ ಟಪ್ ಅಂತ ಕೂತಾಗ ಮಾಸ್ತರರು "ಶಾಬಾಸ್" ಅಂದರು. ಆ ಮಾತು ಅವರ ಬಾಯಿಂದ ನಾನು ಪಿಯುಸಿ ರಿಸಲ್ಟಿಗೂ ಕೇಳಿರಲಿಲ್ಲ.

ಪೈಪು ಬದಲಾಯಿಸೋದು ಹತ್ತು ನಿಮಿಷದ ಕೆಲಸ, ಅದರ ಬಗ್ಗೆ ಹೇಳೋಕೆ ಏನಿಲ್ಲ. ತಳಕ್ಕೆ ಸಣ್ಣ ಕಣ್ಣಿನ ತಂತಿ ಜಾಳಿಗೆ ಕತ್ತರಿಸಿ, ಗಾಳಿ ಆಡುವ ಹಾಗೆ ಕಟ್ಟಿದೆ, ಇಲಿಗಾಗಿ.

ಮತ್ತೆ ಪೇಪರ್ ಹಾಸಿದೆ. ತುಂಬಿತು, ಒಣ. ತಿರುಗಿತು, ಒಣ. ನೀರು ಹೊರಗೆ ಹೋಯ್ತು, ಒಣ. ಹಿಂಡುವಾಗ ನಾನು ಅಪ್ಪಾಜಿ ಇಬ್ಬರೂ ನೆಲಕ್ಕೆ ಕೆನ್ನೆ ಹಚ್ಚಿ ಟಾರ್ಚು ಹಿಡಿದು ನೋಡ್ತಿದ್ದೆವು. ಒಣ.

ಸ್ವೀಡನ್ನಿನ ಹಾನ್ಸ್ ರೋಸ್ಲಿಂಗ್ ಅಂತ ಒಬ್ಬರಿದ್ದರು, ಅಂಕಿ ಅಂಶಗಳನ್ನ ಕತೆ ಹಾಗೆ ಹೇಳುವವರು, ೨೦೧೭ರಲ್ಲಿ ತೀರಿಕೊಂಡರು. ೨೦೧೦ರ ಅವರ ಒಂದು ಟೆಡ್ ಭಾಷಣ ವಾಷಿಂಗ್ ಮೆಷಿನ್ನಿನ ಮೇಲೇ ಇದೆ. ಅವರು ನಾಲ್ಕು ವರ್ಷದವರಿದ್ದಾಗ ಮನೆಗೆ ಮೊದಲ ಮೆಷಿನ್ನು ಬಂತಂತೆ. ಜೀವಮಾನವಿಡೀ ಕಟ್ಟಿಗೆ ಉರಿಯ ಮೇಲೆ ನೀರು ಕಾಯಿಸಿ ಕೈಯಲ್ಲಿ ಒಗೆದ ಅಜ್ಜಿ, ಬಟನ್ ತಾನೇ ಒತ್ತುತ್ತೀನಿ ಅಂತ ಹಟ ಹಿಡಿದು ಒತ್ತಿ, ಎದುರಿಗೆ ಕುರ್ಚಿ ಹಾಕಿಕೊಂಡು ಪೂರ್ತಿ ನೋಡಿದರಂತೆ. ಅದನ್ನ ಮೊದಲ ಸಲ ನೋಡಿದಾಗ ನನಗೆ ನಗು ಬಂದಿತ್ತು.

ಆಯಿಯ ಕೋಣೆಯಿಂದ ಮೆಷಿನ್ನು ಕಾಣಲ್ಲ, ಸದ್ದು ಮಾತ್ರ ಕೇಳುತ್ತೆ. ಎಂಟು ದಿನ ಅವ್ವ ಹಿತ್ತಲಲ್ಲಿ ಒಗೆಯುವ ಸದ್ದು ಕೇಳಿಕೊಂಡು ಮಲಗಿದ್ದಳಲ್ಲ, ಆ ದಿನಗಳಲ್ಲಿ ಅವಳು ನೀರು ಕುಡಿಯೋದು ಕಡಿಮೆ ಮಾಡಿದ್ದಳಂತೆ. ಚಾದರ ಹೊಲಸಾಗಬಾರದು ಅಂತ. ಇದನ್ನ ಅವ್ವ ನನಗೆ ಹೇಳಿದ್ದು ಎಲ್ಲ ಮುಗಿದ ಮೇಲೆ, ಅಡಿಗೆ ಮನೆಯಲ್ಲಿ, ಮೆಲ್ಲಗೆ. ಡಾಕ್ಟರು "ನೀರು ಕಡಿಮೆ ಆಗೈತಿ" ಅಂತ ಯಾಕೆ ಅಂದಿದ್ದರು ಅಂತ ಆಗ ತಿಳೀತು.

ಮೊದಲ ಸುತ್ತಿನ ಚಾದರ, ಎರಡು ಸೀರೆ, ಒಂದು ಕೌದಿ ತೆಗೆದುಕೊಂಡು ನಾನೇ ಆಯಿಯ ಹತ್ತಿರ ಹೋದೆ. ಕೈಯಿಂದ ಮುಟ್ಟಿ ನೋಡಿದಳು, ಮೂಸಿದಳು.

"ಹಿಂಡೈತಿ ಚಲೋ," ಅಂದಳು. ಆಮೇಲೆ, "ಅಂಚಿಗೆ ಇನ್ನೂ ಕಲಿ ಐತಿ ನೋಡು. ಬಡೀಬೇಕಾಗಿತ್ತು."

ನಾನು ಒಂದು ಚರಿಗೆ ನೀರು ತಂದು ಕೊಟ್ಟೆ. ಪೂರ್ತಿ ಕುಡಿದಳು.

ಒಟ್ಟು ಖರ್ಚು: ರಬ್ಬರು ₹೬೦೦, ಪೆಟ್ರೋಲು ₹೩೦೦, ಲಿಂಬಿ ಉಪ್ಪು, ಪ್ಯಾಚು, ಜಾಳಿಗೆ ಸೇರಿ ₹೨೧೦. ಮಾಮಾ ಪೈಪಿನ ರೊಕ್ಕ ತಗೊಳ್ಳಲಿಲ್ಲ. ತಿಂಗಳಿಗೊಮ್ಮೆ ಲಿಂಬಿ ಉಪ್ಪು ಹಾಕಿ ಖಾಲಿ ಓಡಿಸೋದು ಅಂತ ಅಪ್ಪಾಜಿ ಕ್ಯಾಲೆಂಡರಿನಲ್ಲಿ ಹುಣ್ಣಿಮೆಯ ದಿನಕ್ಕೆ ಗುರುತು ಹಾಕಿದ್ದಾರೆ. ಪಿನ್ನಿನ ಬದಲು ಚಾದರದ ನಾಲ್ಕು ಮೂಲೆಗೂ ಅವ್ವ ಲಾಡಿ ಹೊಲಿದಿದ್ದಾಳೆ. ಸಿಂದಗಿಯ ಮಿಸ್ತ್ರಿ ನಿನ್ನೆ ಫೋನ್ ಮಾಡಿದ್ದ, ಇಂಡಿಯ ಆ ಮೆಷಿನ್ನಿನ ಪಂಪು ಇನ್ನೂ ಇದೆ, ಬೇಕಾದರೆ ತೆಗೆದಿಡ್ತೀನಿ ಅಂತ. ತೆಗೆದಿಡ್ರಿ ಕಾಕಾ ಅಂದೆ.